ಜೂನ್ ಮೊದಲ ವಾರದ ಅಂಜಲ್

ಬೆಂಗಳೂರಿನ ಒಂದು ಕೆರೆ ದಂಡೆಯ ಸೀಫುಡ್ ರೆಸ್ಟೋರೆಂಟ್‌ನಲ್ಲಿ ನಾನು ಕ್ಯಾಪ್ಟನ್. ಆರ್ಡರ್ ತಗೊಳ್ಳುವುದು, ಇವತ್ತು ಯಾವುದು ಚೆನ್ನಾಗಿದೆ ಅಂತ ಹೇಳುವುದು, ಬಿಲ್ಲು ಕೊಟ್ಟು ಕಳಿಸುವ ತನಕ ಆ ಮೇಜಿನ ಹೊಣೆ ಹೊರುವುದು ನನ್ನ ಕೆಲಸ. ನಮ್ಮೂರು ತುಮಕೂರಿನ ಕಡೆ. ಇಲ್ಲಿಗೆ ಬರುವ ತನಕ ನನಗೆ ಗೊತ್ತಿದ್ದ ಮೀನು ಅಂದರೆ ಕಾಟ್ಲಾ, ರೋಹು, ಜಿಲೇಬಿ, ಅಷ್ಟೇ. ಅಂಜಲ್, ಕಾಣೆ, ಮಾಂಜಿ, ಬೊಂಡಾಸ್ ಅನ್ನುವ ಕಡಲ ಮೀನಿನ ಹೆಸರುಗಳನ್ನೆಲ್ಲ ಮೆನು ಕಾರ್ಡ್ ನೋಡಿ ಬಾಯಿಪಾಠ ಮಾಡಿದೆ.

ಅವುಗಳ ಜೊತೆಗೇ ಬಾಯಿಗೆ ಬಂದ ಇನ್ನೊಂದು ಮಾತು 'ಫ್ರೆಶ್'. ಯಾರು ಯಾವ ಮೀನು ಕೇಳಿದರೂ "ಫ್ರೆಶ್ ಇದೆ ಸರ್, ಬೆಳಿಗ್ಗೆ ತಾನೇ ಬಂತು" ಅನ್ನುತ್ತಿದ್ದೆ. ಹೀಗೆ ಹೇಳು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನನಗಿಂತ ಮುಂಚೆ ಇದ್ದವರು ಹೇಳುತ್ತಿದ್ದರು, ನಾನೂ ಹೇಳಿದೆ. ನಂಬುವುದೂ ಸುಲಭ. ಸಂಜೆ ಹೊತ್ತು ಎದುರಿಗೆ ನೀರು, ನೀರಿನ ಮೇಲೆ ದೀಪದ ಬೆಳಕು, ತಣ್ಣಗೆ ಗಾಳಿ. ಪಶ್ಚಿಮಕ್ಕೆ ಮಂಗಳೂರು, ಪೂರ್ವಕ್ಕೆ ಚೆನ್ನೈ, ಎರಡೂ ಕಡೆ ಕಡಲು ಇಲ್ಲಿಂದ ಹೆಚ್ಚುಕಡಿಮೆ 350 ಕಿಲೋಮೀಟರ್ ಅನ್ನುವುದು ಆ ಹೊತ್ತಿಗೆ ಯಾರಿಗೂ ನೆನಪಿಗೆ ಬರುವುದಿಲ್ಲ. ಕೆಲವರು ಮಾತ್ರ "ಇದೇ ಕೆರೆಯ ಮೀನಲ್ಲ ತಾನೇ?" ಅಂತ ಕೇಳುತ್ತಾರೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಕಂಡವರು ಕೇಳಲೇಬೇಕಾದ ಪ್ರಶ್ನೆ ಅದು. ಅಲ್ಲ ಅಂತ ಧೈರ್ಯವಾಗಿ ಹೇಳುತ್ತಿದ್ದೆ. ಅದೊಂದು ನಿಜ ಹೇಳಿದ ಬಲದಲ್ಲೇ ಉಳಿದದ್ದೂ ನಡೆದುಹೋಗುತ್ತಿತ್ತು.

ಆ ದಿನ ಜೂನ್ 6. ಒಬ್ಬ ಹಿರಿಯರು ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಜೊತೆ ಬಂದು ದಂಡೆಗೆ ಹತ್ತಿರದ ಮೇಜಿನಲ್ಲಿ ಕೂತರು.

"ಅಂಜಲ್ ಫ್ರೆಶ್ ಉಂಟಾ?"

"ಇದೆ ಸರ್. ಬೆಳಿಗ್ಗೆ ತಾನೇ ಮಲ್ಪೆಯಿಂದ ಬಂತು."

ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ತವಾ ಫ್ರೈ ನಾಲ್ಕು ತುಂಡು ಹೇಳಿದರು. ತಟ್ಟೆ ಬಂದ ಮೇಲೆ ಒಂದು ತುಂಡನ್ನು ಚಮಚದಿಂದ ಒತ್ತಿದರು. ಮೇಲಿನ ಮಸಾಲೆ ಗರಿಗರಿಯಾಗಿಯೇ ಇತ್ತು. ಒಳಗಡೆ ಮಾಂಸ ಪದರ ಪದರವಾಗಿ ಬಿಟ್ಟುಕೊಂಡಿತ್ತು, ತುಂಡಿನ ಸುತ್ತ ತಟ್ಟೆಯಲ್ಲಿ ನೀರು ನಿಂತಿತ್ತು. ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ಮಲ್ಪೆಯಲ್ಲಿ ನಮ್ಮ ಬೋಟು ಒಂದನೇ ತಾರೀಕಿನಿಂದ ದಕ್ಕೆಯಲ್ಲಿ ಕಟ್ಟಿ ನಿಂತುಂಟು. ನಿಮಗೆ ಈ ಅಂಜಲ್ ಯಾರು ಹಿಡಿದುಕೊಟ್ಟದ್ದು?"

ನನಗೆ ಬಾಯಿ ಬರಲಿಲ್ಲ. ಮಗ ಬಿಲ್ಲಿನಿಂದ ಅದನ್ನು ತೆಗೆಸಬೇಕು ಅಂತ ಶುರು ಮಾಡಿದರು. ಹಿರಿಯರು ಕೈ ತೋರಿಸಿ ಅವರನ್ನು ಸುಮ್ಮನಾಗಿಸಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಫ್ರೋಜನ್ ಅಂತ ಹೇಳಿದ್ರೆ ನಾನು ಪುಳಿಮುಂಚಿ ಹೇಳ್ತಿದ್ದೆ ಮಾರಾಯ. ತವಾ ಫ್ರೈ ಹೇಳ್ತಿರಲಿಲ್ಲ."

ಅವರು ಬೈದಿದ್ದರೆ ನಾಲ್ಕು ದಿನಕ್ಕೆ ಮರೆಯುತ್ತಿದ್ದೆ. ಈ ಮಾತು ಮಾತ್ರ ಇವತ್ತಿಗೂ ಹೋಗಿಲ್ಲ. ಪುಳಿಮುಂಚಿ ಅಂದರೆ ಅವರ ಕಡೆಯ ಹುಳಿ ಖಾರದ ಮೀನು ಸಾರು. ಫ್ರೋಜನ್ ಮೀನು ಅವರಿಗೆ ಬೇಡವಾಗಿರಲಿಲ್ಲ. ಅದನ್ನು ಹೇಗೆ ತಿಂದರೆ ರುಚಿ ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ಆಯ್ಕೆಯನ್ನೇ ನಾನು ಅವರ ಕೈಯಿಂದ ಕಿತ್ತುಕೊಂಡಿದ್ದೆ.

ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಡುಗೆಮನೆಯ ಹಿರಿಯ ಕುಕ್ ಹತ್ತಿರ ಹೋಗಿ ಕೂತೆ. ಅವರೂ ಆ ಕಡೆಯವರೇ, ನಾವೆಲ್ಲ ಅಣ್ಣ ಅಂತಲೇ ಕರೆಯುವುದು. ಮೂರು ವರ್ಷ ಮೀನು ಮಾರಿದವನಿಗೆ ಗೊತ್ತಿರಬೇಕಾದದ್ದನ್ನು ಆ ಒಂದೇ ರಾತ್ರಿ ಹೇಳಿಕೊಟ್ಟರು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ. ನಾಡದೋಣಿಗೆ ವಿನಾಯಿತಿ ಇದೆ, ಆದರೆ ಮಳೆಗಾಲದ ಕಡಲು ಅವರನ್ನು ದಿನಾ ಬಿಡುವುದಿಲ್ಲ. ಪೂರ್ವ ಕರಾವಳಿಯಲ್ಲಿ ಇದೇ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ 15ರ ನಂತರ ಚೆನ್ನೈ, ಆಂಧ್ರದ ಕಡೆಯಿಂದ ಬೆಂಗಳೂರಿಗೆ ಹೊಸ ಮೀನು ಬರಬಹುದು. ಜೂನ್‌ನ ಮೊದಲ 14 ದಿನ ಎರಡೂ ಕಡೆ ಬಾಗಿಲು ಹಾಕಿರುತ್ತದೆ. ನಾನು ಬೆಳಿಗ್ಗೆ ತಾನೇ ಬಂತು ಅಂದದ್ದು ಆ 14 ದಿನಗಳ ಮಧ್ಯದಲ್ಲಿ.

ಫ್ರೋಜನ್ ಅಂದರೆ ಹಳಸಿದ್ದು ಅನ್ನುವ ಭ್ರಮೆಯನ್ನೂ ಅಣ್ಣನೇ ಬಿಡಿಸಿದರು. ಹಿಡಿದ ಕೂಡಲೇ ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಮೈನಸ್ 18 ಡಿಗ್ರಿಯಲ್ಲಿ ಇಟ್ಟ ಮೀನು, ಐಸ್ ಕರಗಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮೂರು ದಿನ ಅಲೆದು ಬಂದ 'ಫ್ರೆಶ್' ಮೀನಿಗಿಂತ ಎಷ್ಟೋ ಮೇಲು. ಅದನ್ನು ರಾತ್ರಿಯೇ ಫ್ರಿಜ್ಜಿನ ಕೆಳಗಡೆ ಇಟ್ಟು ನಿಧಾನವಾಗಿ ಬಿಡಿಸಬೇಕು. ಅವಸರಕ್ಕೆ ನಲ್ಲಿ ನೀರಿಗೆ ಹಿಡಿದರೆ ತವಾದ ಮೇಲೆ ನೀರು ಬಿಡುತ್ತದೆ. ಅವತ್ತು ಆದದ್ದು ಅದೇ. ಹುಳಿ ಖಾರ ಹೀರಿಕೊಂಡು ಸಾರಿನಲ್ಲಿ ಬೆಂದರೆ ಆ ಕೊರತೆ ಕಾಣುವುದಿಲ್ಲ.

ಇನ್ನೊಂದು ಮಾತು ಕೇಳಿ ನಿಜವಾಗಿ ಹೆದರಿದೆ. ಬಂಗುಡೆ, ಟ್ಯೂನಾದಂಥ ಮೀನು ಐಸ್ ಇಲ್ಲದೆ ಬಿಸಿಗೆ ಬಿದ್ದರೆ ಅದರಲ್ಲಿ ಹಿಸ್ಟಮೈನ್ ಅನ್ನುವ ರಾಸಾಯನಿಕ ಸೇರಿಕೊಳ್ಳುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ, ಎಷ್ಟು ಕರಿದರೂ ಅದು ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ, ತಲೆನೋವು ಬಂದು, ಬಾಯಿ ಚುರುಗುಟ್ಟುತ್ತದೆ. ಮಂಗಳೂರು ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಲಾರಿ ಅರ್ಧ ದಿನ ನಿಂತರೆ ಮೇಜಿನಲ್ಲಿ ಕೂತವರಿಗೆ ಅದು ತಿಳಿಯುವ ದಾರಿಯೇ ಇಲ್ಲ. ಕಿವಿರು ಎತ್ತಿ ಕೆಂಪು ನೋಡುವುದು, ಕಣ್ಣು ಉಬ್ಬಿ ತಿಳಿಯಾಗಿದೆಯಾ ಅಂತ ನೋಡುವುದು, ಬೆರಳಿಂದ ಒತ್ತಿದರೆ ಗುಳಿ ಮೇಲೇಳುತ್ತದಾ ಅಂತ ನೋಡುವುದು, ಇದೆಲ್ಲ ಮಾರ್ಕೆಟ್ಟಿನಲ್ಲಿ ಆಗುತ್ತದೆ. ಮಸಾಲೆ ಹಚ್ಚಿ ತಂದಿಟ್ಟ ಮೇಲೆ ಅವರಿಗೆ ಉಳಿಯುವುದು ನನ್ನ ಮಾತು ಒಂದೇ.

ಮಾರನೆಯ ದಿನದಿಂದ ಬೆಳಿಗ್ಗೆ ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ನಾನೂ ಅಲ್ಲಿ ನಿಲ್ಲಲು ಶುರು ಮಾಡಿದೆ. ಯಾವ ಮೀನು, ಎಲ್ಲಿಂದ, ಯಾವತ್ತು ಬಂತು ಅಂತ ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಮೇಜಿನವರು ಕೇಳುವ ಮೊದಲೇ ಅದನ್ನು ಹೇಳುತ್ತೇನೆ. ಸಿಗಡಿ ಆಂಧ್ರದ ಕೊಳದಲ್ಲಿ ಸಾಕಿದ ವನ್ನಾಮಿ ಆಗಿದ್ದರೆ ಹಾಗೇ ಹೇಳುತ್ತೇನೆ.

ತೂಕದ ವಿಷಯದಲ್ಲೂ ಅಷ್ಟೇ. ಕಾರ್ಡಿನಲ್ಲಿ 100 ಗ್ರಾಂಗೆ ಅಂತ ಸಣ್ಣಕ್ಷರದಲ್ಲಿ ಇರುತ್ತದೆ, ಜನ ಇಡೀ ಮೀನಿನ ಬೆಲೆ ಅಂದುಕೊಳ್ಳುತ್ತಾರೆ. ಈಗ ಮಾಂಜಿಯನ್ನು ತಟ್ಟೆಯಲ್ಲಿ ತಂದು, ಅವರ ಎದುರಿಗೇ ತಕ್ಕಡಿಗೆ ಇಟ್ಟು, ಒಟ್ಟು ಎಷ್ಟು ರೂಪಾಯಿ ಆಗುತ್ತದೆ ಅಂತ ಹೇಳಿ, ಹೂಂ ಅಂದ ಮೇಲೇ ಒಳಗೆ ಕಳಿಸುವುದು. ಹೊಟ್ಟೆ ತೆಗೆದು ತಂದೂರಿಯಿಂದ ಬರುವಾಗ ಅದು ಚಿಕ್ಕದಾಗಿ ಕಾಣುತ್ತದೆ ಅಂತಲೂ ಮೊದಲೇ ತಿಳಿಸುತ್ತೇನೆ. ಏಡಿಯಲ್ಲಂತೂ ಚಿಪ್ಪಿನ ತೂಕವೇ ಹೆಚ್ಚು. ಮಗಳ ಮೊದಲ ಸಂಬಳದಲ್ಲಿ ಊಟಕ್ಕೆ ಬಂದ ಅಪ್ಪ ಅಮ್ಮ ಬಿಲ್ಲು ನೋಡಿ ಮುಖ ಸಣ್ಣ ಮಾಡಿಕೊಂಡು ಹೋಗುವುದನ್ನು ಇನ್ನು ನನ್ನ ಕೈಯಲ್ಲಿ ನೋಡಲಾಗದು.

ಈ ವರ್ಷ ಜೂನ್ 1ಕ್ಕೆ ಬಾಗಿಲ ಹತ್ತಿರ ಒಂದು ಕರಿ ಹಲಗೆ ಇಡಲು ಕೇಳಿಕೊಂಡೆ. ಮ್ಯಾನೇಜರ್ ತುಂಬ ಹೊತ್ತು ಯೋಚಿಸಿ ಸರಿ ಅಂದರು. ಸುಣ್ಣದ ಕಡ್ಡಿಯಲ್ಲಿ ನಾನೇ ಬರೆದೆ: ಅಂಜಲ್, ಫ್ರೋಜನ್, ಪುಳಿಮುಂಚಿಗೆ ಚೆನ್ನ. ಸಿಗಡಿ, ಸಾಕಿದ್ದು. ಕಾಣೆ ಇವತ್ತು ಇಲ್ಲ. ಆ ಸಂಜೆ ಎರಡು ಮೇಜಿನವರು ಹಲಗೆ ಓದಿ ಎದ್ದು ಹೋದರು. ಮ್ಯಾನೇಜರ್ ಕೌಂಟರಿನಿಂದ ಅದನ್ನು ನೋಡಿದರು. ಹಲಗೆ ಒಳಗೆ ತರಲು ಹೇಳಲಿಲ್ಲ.