ಕಪ್‌ಕೇಕ್ ತೀರ್ಪು ಮತ್ತು ಸ್ಕೋರ್ ಶೀಟಿನ ಕೊನೆಯ ಕಾಲಂ

ಸೆನ್ಸರಿ ಪ್ಯಾನೆಲ್‌ನಲ್ಲಿ, ಅಂದರೆ ರುಚಿ ನೋಡಿ ಅಳೆಯುವ ತಂಡದಲ್ಲಿ, ಕೂರುವವರಿಗೆ ಮೊದಲ ದಿನವೇ ಹೇಳಿಕೊಡುವ ಮಾತೊಂದಿದೆ: ನಿನಗೆ ಇಷ್ಟವಾಯಿತೋ ಇಲ್ಲವೋ ಇಲ್ಲಿ ಯಾರಿಗೂ ಬೇಕಿಲ್ಲ. ಸಿಹಿ ಎಷ್ಟು, ವೆನಿಲ್ಲಾ ಎಷ್ಟು, ಕ್ರಂಬ್ (ಕೇಕಿನ ಒಳಮೈ) ಒಣಗಿದೆಯಾ, ಆಫ್‌ನೋಟ್ (ಬರಬಾರದ ರುಚಿ-ವಾಸನೆ) ಇದೆಯಾ, ಅಷ್ಟು ಬರೆದು ಎದ್ದು ಹೋಗು. ಮೈಸೂರಿನ ಹೊರವಲಯದ ಕೇಕ್ ಕಾರ್ಖಾನೆಯೊಂದರಲ್ಲಿ ಕ್ಯೂಎ, ಅಂದರೆ ಗುಣಮಟ್ಟದ ತಪಾಸಣೆ, ನೋಡಿಕೊಳ್ಳುವ ನಾನು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಬೆಳಿಗ್ಗೆ ಹತ್ತೂವರೆಗೆ ಒಬ್ಬೊಬ್ಬರೇ ಕೂರುವ ಬೂತ್, ಉಗುರುಬೆಚ್ಚಗಿನ ನೀರು, ಉಪ್ಪಿಲ್ಲದ ಕ್ರ್ಯಾಕರ್, ಹೋಲಿಸಲು ತೆಗೆದಿಟ್ಟ ರಿಟೆನ್ಷನ್ ಸ್ಯಾಂಪಲ್ ಪಕ್ಕದಲ್ಲಿ ಹೊಸ ಬ್ಯಾಚ್. ಟಾರ್ಗೆಟ್‌ಗೆ, ಅಂದರೆ ನಿಗದಿಯಾದ ರುಚಿಗೆ, ಹೊಂದಿದರೆ ರಿಲೀಸ್, ಇಲ್ಲದಿದ್ದರೆ ಹೋಲ್ಡ್.

ಏಪ್ರಿಲ್‌ನಲ್ಲಿ ಕುವೆಂಪುನಗರದ ಕಡೆಯ ಒಂದು ಸಭಾಂಗಣದಲ್ಲಿ ಮನೆಯಲ್ಲೇ ಬೇಕಿಂಗ್ ಮಾಡುವವರ ಕಪ್‌ಕೇಕ್ ಸ್ಪರ್ಧೆ ಇತ್ತು. ತೀರ್ಪಿಗೆ ನನ್ನನ್ನೂ ಕರೆದರು. ಜೊತೆಗೆ ಒಬ್ಬರು ಹೋಟೆಲಿನ ಪೇಸ್ಟ್ರಿ ಶೆಫ್, ಇನ್ನೊಬ್ಬರು ಬೇಕಿಂಗ್ ತರಗತಿ ನಡೆಸುವ ಟೀಚರ್. ನಾನು ಮೊದಲು ಮಾಡಿಸಿದ ಕೆಲಸ ಕೋಡ್ ಬದಲಾಯಿಸಿದ್ದು. ಆಯೋಜಕರು 1, 2, 3 ಎಂದು ಚೀಟಿ ಅಂಟಿಸಿದ್ದರು. ಒಂದು ಅಂದರೆ ಮೊದಲನೆಯದು, ಶ್ರೇಷ್ಠ ಎಂಬ ಭಾವ ಯಾರಿಗಾದರೂ ಬರುತ್ತದೆ. ಅದಕ್ಕೇ ಮೂರಂಕಿಯ ಕೋಡ್ ಬೇಕು: 214, 638, 352. ಮೂವರೂ ಒಂದೇ ಕ್ರಮದಲ್ಲಿ ತಿನ್ನಬಾರದು ಎಂದೂ ಹಟ ಹಿಡಿದೆ. ಹಸಿದ ಬಾಯಿಗೆ ಮೊದಲು ಬಂದ ತುಂಡಿಗೆ ಸಾಮಾನ್ಯವಾಗಿ ಹೆಚ್ಚು ಅಂಕ ಬೀಳುತ್ತದೆ, ಸಿಹಿಯಿಂದ ಜಡ್ಡುಗಟ್ಟಿದ ನಾಲಿಗೆಗೆ ಕೊನೆಯದು ಸಪ್ಪೆಯೆನಿಸುತ್ತದೆ. ಆಯೋಜಕರಿಗೆ ಇದು ಅತಿಯೆನಿಸಿತು, ಆದರೂ ಒಪ್ಪಿದರು.

ಸೆಕೆ ವಿಪರೀತ. ಬೆಣ್ಣೆ ಕರಗಲು 32ರಿಂದ 35 ಡಿಗ್ರಿ ಸಾಕು, ಆ ಮಧ್ಯಾಹ್ನ ಹಾಲ್ ಅದಕ್ಕೆ ಹತ್ತಿರದಲ್ಲೇ ಇತ್ತು. ನಿಜವಾದ ಬೆಣ್ಣೆಯ ಬಟರ್‌ಕ್ರೀಮ್ ಹಚ್ಚಿ ತಂದವರ ಗುಲಾಬಿಗಳು ಒಂದು ಕಡೆಗೆ ವಾಲಿದ್ದವು. ವನಸ್ಪತಿ ಕೊಬ್ಬಿನ ವಿಪ್ಪಿಂಗ್ ಕ್ರೀಮ್ ತಂದವರದ್ದು ನೆಟ್ಟಗೆ ನಿಂತಿದ್ದವು. ‘ನೋಟ’ಕ್ಕೆ 30 ಅಂಕ ಇಟ್ಟಿದ್ದರಿಂದ ಒಳ್ಳೆಯ ಕೊಬ್ಬು ಬಳಸಿದವರೇ ಸೋಲುವ ಹಾಗಾಯಿತು. ಏಪ್ರಿಲ್‌ನಲ್ಲಿ ಏಸಿ ಇಲ್ಲದ ಹಾಲ್ ಹಿಡಿದವರು ಫ್ರಾಸ್ಟಿಂಗ್‌ಗೆ ಇಷ್ಟು ಅಂಕ ಇಡಬಾರದಿತ್ತು.

ನೋಟ, ಕ್ರಂಬ್, ರುಚಿ-ಪರಿಮಳ, ಈ ಮೂರು ಕಾಲಂಗಳಲ್ಲಿ ನನ್ನ ಪೆನ್ನು ಸರಾಗವಾಗಿ ಓಡಿತು. ಕೊನೆಯ ಕಾಲಂ ‘ಒಟ್ಟಾರೆ ಇಷ್ಟ’, ಇಷ್ಟವನ್ನು 1ರಿಂದ 9ರವರೆಗೆ ಅಳೆಯುವ ಹೆಡೋನಿಕ್ ಸ್ಕೇಲ್, ಕೊನೆಗೆ 20ಕ್ಕೆ ಏರಿಸಿಕೊಳ್ಳುವುದು. ಅಲ್ಲಿ ಬಂದು ನಿಂತೆ.

214 ಮೊಟ್ಟೆ ಹಾಕಿದ ವೆನಿಲ್ಲಾ. ಮೇಲ್ಮೈ ಸಮ, ಎಲ್ಲೂ ಬಿರುಕಿಲ್ಲ, ಕತ್ತರಿಸಿದರೆ ಸಣ್ಣ ಸಣ್ಣ ಸಮನಾದ ರಂಧ್ರಗಳು, ಟನಲಿಂಗ್ (ಉದ್ದುದ್ದ ಸುರಂಗದಂಥ ತೂತು) ಇಲ್ಲ, ಒತ್ತಿದರೆ ಮೇಲೆದ್ದು ಬರುತ್ತದೆ. ಮೊದಲ ಮೂರು ಕಾಲಂನಲ್ಲಿ ಎಲ್ಲೂ ಅಂಕ ಕಳೆಯಲು ಕಾರಣವೇ ಸಿಗಲಿಲ್ಲ. ಎರಡನೇ ಬಾರಿ ಬಾಯಿಗಿಟ್ಟಾಗ ಗುರುತು ಹತ್ತಿತು. ನಾವು ಕಾರ್ಖಾನೆಯಲ್ಲಿ ದಿನವೂ ಯಾವ ಟಾರ್ಗೆಟ್‌ಗೆ ಹೊಂದಿಸುತ್ತೇವೋ ಹೆಚ್ಚುಕಡಿಮೆ ಅದೇ ಕೇಕ್. ವೆನಿಲ್ಲಾ ಪರಿಮಳ ಕೊಡುವ ಅದೇ ವೆನಿಲಿನ್, ಅದೇ ಸಿಹಿ, ಅದೇ ಮೆದುತನ. ಮತ್ತೊಂದು ತುಂಡು ತಿನ್ನಬೇಕು ಅನ್ನಿಸಲಿಲ್ಲ. ಯಾರೋ ಮನೆಯಲ್ಲಿ ಕೂತು ಅಷ್ಟು ಶ್ರದ್ಧೆಯಿಂದ ಮಾಡಿ ತಂದ, ಒಂದೂ ದೋಷವಿಲ್ಲದ ಕೇಕಿಗೆ ಆ ಕಾಲಂನಲ್ಲಿ 5 ಬರೆದೆ. ಆ ಸ್ಕೇಲಿನಲ್ಲಿ 5 ಅಂದರೆ ಇಷ್ಟವೂ ಇಲ್ಲ, ಬೇಸರವೂ ಇಲ್ಲ.

638 ರಾಗಿ-ಬೆಲ್ಲದ್ದು, ಮೊಟ್ಟೆಯಿಲ್ಲದ್ದು. ತಲೆ ಒಡೆದಿತ್ತು. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಮೈದಾ ಸೇರಿಸಿದ್ದರೂ ಪುಡಿಪುಡಿಯಾಗುತ್ತಿತ್ತು. ಕೊನೆಯಲ್ಲಿ ಸೋಡಾದ ಸಾಬೂನಿನಂಥ ಎಳೆ ನಾಲಿಗೆಯ ಬದಿಗೆ ಹತ್ತುತ್ತಿತ್ತು. ಇವೆಲ್ಲಕ್ಕೂ ಅಂಕ ಕಳೆದೆ. ಆದರೆ ಬೆಲ್ಲ ಮಂಡ್ಯ ಕಡೆಯ ಕಪ್ಪು ಬೆಲ್ಲವಿರಬೇಕು. ಹಳದಿ ಬಣ್ಣಕ್ಕಾಗಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ ಬೆಲ್ಲಕ್ಕೆ ಆ ಆಳ ಇರುವುದಿಲ್ಲ. ಕಬ್ಬಿನ ಹಾಲು ಕುದ್ದು ಅಂಟಾಗುವ ಹೊತ್ತಿನ ವಾಸನೆ, ಮೇಲೆ ಆಗಷ್ಟೇ ಕುಟ್ಟಿದ ಏಲಕ್ಕಿ. ಬೆಲ್ಲ ತೇವ ಹಿಡಿದಿಟ್ಟುಕೊಳ್ಳುವುದರಿಂದ ಬಿರುಕಿನ ಕೆಳಗೆ ಒಳಗೆಲ್ಲ ಪಸೆಯಿತ್ತು. ಕೊನೆಯ ಕಾಲಂನಲ್ಲಿ 9 ಬರೆದೆ. ಬರೆಯುವಾಗ ಒಂದಿಷ್ಟೂ ಅನುಮಾನ ಇರಲಿಲ್ಲ, ಅದೇ ನನಗೆ ಆಶ್ಚರ್ಯ.

ಒಟ್ಟು ಹಾಕುವಾಗ ಬಿಸಿ ಏರಿತು. ಮೂವರ ಅಂಕ ಕೂಡಿಸಿದರೆ 638 ಮೊದಲು, ಕೂದಲೆಳೆಯಷ್ಟು ಹಿಂದೆ 214. ನನ್ನ ಕೊನೆಯ ಕಾಲಂ ತೆಗೆದರೆ ಸಲೀಸಾಗಿ 214 ಮೊದಲು. ಶೆಫ್ ನೇರವಾಗಿ ಕೇಳಿದರು: “ತಲೆ ಒಡೆದ ಕೇಕಿಗೆ 9 ಕೊಡ್ತೀರಾ? ನೀವು ಕ್ಯೂಎ ಅಲ್ವಾ?” ಟೀಚರ್ ಸುಮ್ಮನಿದ್ದರು. ಬಾಗಿಲಾಚೆ ಸ್ಪರ್ಧಿಗಳು, ಅವರ ಮಕ್ಕಳು, ಅತ್ತೆ-ಮಾವಂದಿರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಾಯುತ್ತಿದ್ದರು. ಆಯೋಜಕರು ಗಡಿಯಾರ ನೋಡುತ್ತಾ, “ಮೇಡಂ, ಒಂದೆರಡು ಅಂಕ ಅತ್ತಿತ್ತ ಮಾಡಿ ಮುಗಿಸಿ” ಅಂದರು. ಅತ್ತಿತ್ತ ಮಾಡುವುದು ಮಾತ್ರ ನನ್ನಿಂದ ಆಗದು. ಬರೆದ ಸ್ಕೋರನ್ನು ಫಲಿತಾಂಶ ನೋಡಿದ ಮೇಲೆ ತಿದ್ದಿದರೆ ಅದು ಡೇಟಾ ಅಲ್ಲ.

ಶೀಟನ್ನು ತಿರುಗಿಸಿ ಕೊನೆಯ ಕಾಲಂ ಒಂದನ್ನೇ ಮೇಲಿಂದ ಕೆಳಗೆ ಓದಿದೆ. ಬೆಲ್ಲ, ಏಲಕ್ಕಿ, ಚಿಕೋರಿ ಬೆರೆತ ಕಾಫಿ ಡಿಕಾಕ್ಷನ್, ನಂಜನಗೂಡು ರಸಬಾಳೆ, ಇವೆಲ್ಲ 7ರಿಂದ ಮೇಲೆ. ವೆನಿಲ್ಲಾ, ಸ್ಟ್ರಾಬೆರಿ ಎಸೆನ್ಸ್, ಬಟರ್‌ಸ್ಕಾಚ್ 5ರ ಆಸುಪಾಸು. ಕೌಶಲಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಸ್ಟ್ರಾಬೆರಿಯವರ ಕ್ರಂಬ್ ಅಂದಿನ ಎಲ್ಲಕ್ಕಿಂತ ಚೆನ್ನಾಗಿತ್ತು, ಅದಕ್ಕೆ ನಾನು ಕೊಟ್ಟದ್ದು 4. ವರ್ಷಗಟ್ಟಲೆ ಬೂತ್‌ನಲ್ಲಿ ಕೂತರೂ ನನ್ನ ಇಷ್ಟಾನಿಷ್ಟ ಎಲ್ಲೂ ಹೋಗಿರಲಿಲ್ಲ. ಕೇಳುವವರಿರಲಿಲ್ಲ, ಅಷ್ಟೆ.

ನಾನು ಹೇಳಿದ್ದು ಇಷ್ಟು: ನನ್ನ 9 ಸುಳ್ಳಲ್ಲ, ತಿದ್ದುವುದಿಲ್ಲ. ಆದರೆ ಇಷ್ಟವನ್ನು ಮೂರು ಜನರಿಂದ ಕೇಳಿ ಅದಕ್ಕೆ 20 ಅಂಕ ಕೊಡುವುದು ತಪ್ಪು. ತರಬೇತಿ ಪಡೆದ ಪ್ಯಾನೆಲ್ ಎಂಟು, ಹತ್ತು, ಹನ್ನೆರಡು ಜನರಿದ್ದರೆ ನಡೆಯುತ್ತದೆ, ಏಕೆಂದರೆ ಅವರು ಅಳೆಯುವ ಉಪಕರಣ. ಇಷ್ಟ ತಿಳಿಯಲು ಉಪಕರಣ ಬೇಡ, ತಿನ್ನುವ ಜನ ಬೇಕು, ಹತ್ತಾರು ಜನ, ನೂರಾದರೆ ಇನ್ನೂ ಒಳ್ಳೆಯದು. ಈ ಸ್ಕೇಲ್ ಹುಟ್ಟಿದ್ದೇ ಹಾಗೆ. 1940ರ ದಶಕದ ಕೊನೆಗೆ ಅಮೆರಿಕದ ಸೇನೆಯ ಆಹಾರ ಸಂಶೋಧಕರು, ಡೇವಿಡ್ ಪೆರ್ಯಾಮ್ ಮತ್ತು ಸಂಗಡಿಗರು, ಇದನ್ನು ರೂಪಿಸಿದ್ದು ಸೈನಿಕರಿಗೆ ಯಾವ ಊಟ ಹಿಡಿಸುತ್ತದೆಂದು ಸೈನಿಕರನ್ನೇ ಕೇಳಲು. ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಲ್ಲಿ, ಸೇನೆಯ ಆಹಾರ ಪ್ರಯೋಗಾಲಯ ಡಿಎಫ್‌ಆರ್‌ಎಲ್ 1961ರಲ್ಲಿ ಶುರುವಾದ ಊರು ನಮ್ಮದು. ಇಲ್ಲಿ ನಡೆಯುವ ಸ್ಪರ್ಧೆಯಲ್ಲಾದರೂ ಇಷ್ಟು ಗಮನಿಸಬೇಡವೇ?

ಕೊನೆಗೆ ಟೀಚರ್ ನನ್ನ ಪರ ನಿಂತರು. ನಮ್ಮ ಮೂವರ ಇಷ್ಟದ ಕಾಲಂ ತೆಗೆದುಹಾಕಿ, ನಾವು ತಿಂದು ಮಿಕ್ಕ ಕೇಕ್‌ಗಳನ್ನೆಲ್ಲ ಸಣ್ಣದಾಗಿ ಕತ್ತರಿಸಿ, ಕೋಡ್ ಚೀಟಿಯೊಂದಿಗೆ ಹೊರಗೆ ಕಾಯುತ್ತಿದ್ದವರಿಗೇ ಹಂಚಿದೆವು. ತಮ್ಮ ಮನೆಯವರದ್ದಕ್ಕೆ ಅಂಕ ಹಾಕಬಾರದು, ಅದೊಂದೇ ನಿಯಮ. ಬೂತ್ ಇಲ್ಲ, ಒಬ್ಬರ ಚೀಟಿ ಇನ್ನೊಬ್ಬರು ಇಣುಕಿ ನೋಡುತ್ತಿದ್ದರು. ಶುದ್ಧ ಪರೀಕ್ಷೆ ಅಂತ ನಾನು ಹೇಳುವುದಿಲ್ಲ. ಆದರೂ ಚೀಟಿಗಳನ್ನು ಹರಡಿಕೊಂಡು ಕೂತಾಗ ಕಂಡದ್ದನ್ನು ನಾನು ಇನ್ನೂ ಯೋಚಿಸುತ್ತಿದ್ದೇನೆ. ಗೆದ್ದದ್ದು 352, ಸಾಧಾರಣ ಚಾಕೊಲೇಟ್. ಮಕ್ಕಳು ಒಂದೇ ಸಮ 9 ಬರೆದಿದ್ದರು. 214ಕ್ಕೆ ಹೆಚ್ಚಿನವರದ್ದು 6. 638ಕ್ಕೆ 6 ಬರೆದವರು ವಿರಳ. ಒಂದೋ 8-9, ಇಲ್ಲವೇ 2-3. ಸರಾಸರಿ ತೆಗೆದರೆ 638 ಮತ್ತು 214 ಒಂದೇ ಅನ್ನುವಷ್ಟು ಹತ್ತಿರ. ಚೀಟಿ ನೋಡಿದರೆ ಎರಡೂ ಬೇರೆ ಬೇರೆ ಲೋಕ. ಒಂದನ್ನು ಯಾರೂ ಬೇಡ ಅನ್ನುವುದಿಲ್ಲ, ಇನ್ನೊಂದನ್ನು ಕೆಲವರು ಹುಡುಕಿಕೊಂಡು ಬರುತ್ತಾರೆ.

ಸೋಮವಾರ ಇದನ್ನು ರಿವ್ಯೂ ಮೀಟಿಂಗ್‌ನಲ್ಲಿ ಹೇಳಿದೆ. ದಿನದ ಬ್ಯಾಚಿಗೆ ಇಷ್ಟ ಕೇಳದಿದ್ದರೂ, ನಮ್ಮಲ್ಲಿ ಹೊಸ ಪ್ರಾಡಕ್ಟ್ ಲಾಂಚ್ ಆಗಬೇಕೋ ಬೇಡವೋ ಎಂಬುದನ್ನು ನಮ್ಮದೇ ಟ್ರೇನ್ಡ್ ಪ್ಯಾನೆಲ್‌ನ ‘ಓವರಾಲ್ ಅಕ್ಸೆಪ್ಟೆಬಿಲಿಟಿ’ (ಒಟ್ಟಾರೆ ಒಪ್ಪಿಗೆ) ಸರಾಸರಿಯಿಂದ ನಿರ್ಧರಿಸುತ್ತಾರೆ. ನಾವೆಲ್ಲ ವೆನಿಲ್ಲಾ ಟಾರ್ಗೆಟ್ ನೋಡಿ ನೋಡಿ ಅದಕ್ಕೇ ಒಗ್ಗಿದವರು. ಕಳೆದ ವರ್ಷ ಬೆಲ್ಲದ ವೇರಿಯಂಟ್ ಒಂದು ಈ ಸರಾಸರಿಯಲ್ಲೇ ಬಿದ್ದುಹೋಯಿತು. ಒಬ್ಬ ಗ್ರಾಹಕನೂ ಅದನ್ನು ತಿಂದು ನೋಡಲಿಲ್ಲ. ಕನ್ಸ್ಯೂಮರ್ ಟೆಸ್ಟ್‌ಗೆ ಬಜೆಟ್ ಇಲ್ಲ ಎಂಬ ಉತ್ತರ ಸಿದ್ಧವಾಗಿತ್ತು. ಪ್ಯಾಕೇಜಿಂಗ್ ಬದಲಾಯಿಸಲು, ಹೊಸ ಡ್ಯಾಶ್‌ಬೋರ್ಡ್ ಕೊಳ್ಳಲು ಇತ್ತು. ಆ ಡ್ಯಾಶ್‌ಬೋರ್ಡ್ ತೋರಿಸುವುದೂ ಬರೀ ಸರಾಸರಿಯನ್ನೇ. ಯಾರು 9 ಕೊಟ್ಟರು, ಯಾರು 2 ಕೊಟ್ಟರು ಎಂದು ನೋಡಬೇಕಾದರೆ ನಾನು ಈಗಲೂ ಎಕ್ಸೆಲ್ ತೆರೆಯಬೇಕು. ಬೆಲ್ಲದ ವೇರಿಯಂಟ್ ಫೈಲ್ ತೆರೆದೆ. ಅಲ್ಲೂ ಅದೇ, ಎರಡು ತುದಿ, ನಡುವೆ ಖಾಲಿ. ಆ ಗ್ರಾಫ್ ಹಾಕಿ ಮತ್ತೆ ಮೇಲ್ ಕಳಿಸಿದ್ದೇನೆ. ಉತ್ತರ ಬರುವವರೆಗೂ ಕಳಿಸುತ್ತೇನೆ.

ಸ್ಪರ್ಧಿಗಳಿಗೆ ಫೀಡ್‌ಬ್ಯಾಕ್ ಬರೆದುಕೊಡುವ ಕೆಲಸವೂ ನನ್ನದೇ ಆಗಿತ್ತು. ಸ್ಟ್ರಾಬೆರಿಯವರಿಗೆ, ನಿಮ್ಮ ಕ್ರಂಬ್ ಅಂದು ಎಲ್ಲರಿಗಿಂತ ಮೇಲು, ಎಸೆನ್ಸ್ ಅರ್ಧ ಮಾಡಿ ನೋಡಿ ಎಂದು ಬರೆದೆ. 638ರವರಿಗೆ ಸ್ವಲ್ಪ ಉದ್ದವಾಯಿತು: ಸೋಡಾ ಕಡಿಮೆ ಮಾಡಿ, ಬೆಲ್ಲ ಮತ್ತು ಮೊಸರಿನ ಹುಳಿ ತಾಳುವಷ್ಟೇ ಸಾಕು, ಮಿಕ್ಕಿದ್ದೇ ಸಾಬೂನಿನ ರುಚಿ ಕೊಡುವುದು. ತಲೆ ಒಡೆಯುವುದು ಓವನ್ ಬಿಸಿ ಹೆಚ್ಚಾಗಿ, ಅಂಚು ಬೇಗ ಗಟ್ಟಿಯಾಗಿ, ಒಳಗಿನ ಹಿಟ್ಟು ನಡುವೆ ನುಗ್ಗುವುದರಿಂದ. 180ರ ಬದಲು 165ರಲ್ಲಿ ಇಟ್ಟು ಹೊತ್ತು ಹೆಚ್ಚಿಸಿ. ರಾಗಿಹಿಟ್ಟನ್ನು ಮೊಸರಿನಲ್ಲಿ ಅರ್ಧ ಗಂಟೆ ನೆನೆಸಿಟ್ಟರೆ ಅಷ್ಟು ಉದುರುವುದಿಲ್ಲ. ಕೆಳಗೆ ಬೇರೆ ಶಾಯಿಯಲ್ಲಿ, ಇಷ್ಟು ತಾಂತ್ರಿಕ, ಮುಂದಿನದು ನನ್ನ ಇಷ್ಟ ಎಂದು ಗೆರೆ ಎಳೆದು ಬರೆದೆ: ಬೆಲ್ಲ ಬದಲಾಯಿಸಬೇಡಿ, ಏಲಕ್ಕಿ ಕಡಿಮೆ ಮಾಡಬೇಡಿ, ಆರ್ಡರ್ ತೆಗೆದುಕೊಳ್ಳುತ್ತಿದ್ದರೆ ನನಗೊಂದು ಡಜನ್ ಬೇಕು.