ಆರ್‌ಡಿಸಿಗೆ ಹೇಗೆ ಆರಿಸ್ತಾರೆ ಸಾರ್?

ಎನ್‌ಸಿಸಿ ಭರ್ತಿ ಮುಗಿದ ವಾರವೇ ಯಾರಾದರೂ ಒಬ್ಬ ತಂದೆ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿರುತ್ತಾರೆ. "ಸಾರ್, ಮಗ ದಿಲ್ಲಿ ಪರೇಡಿಗೆ ಹೋಗ್ಲೇಬೇಕು ಅಂತ ಹಟ ಹಿಡಿದಿದ್ದಾನೆ. ಹೇಗೆ ಆರಿಸ್ತಾರೆ? ಯಾರನ್ನಾದ್ರೂ ಹಿಡೀಬೇಕಾ?" ಅವರು ಕೇಳುವುದು ಆರ್‌ಡಿಸಿ, ಅಂದರೆ ದಿಲ್ಲಿಯಲ್ಲಿ ನಡೆಯುವ ಎನ್‌ಸಿಸಿಯ ಗಣರಾಜ್ಯೋತ್ಸವ ಶಿಬಿರದ ಬಗ್ಗೆ.

ಯಾರನ್ನೂ ಹಿಡಿಯಬೇಡಿ. ಕಾಲೇಜಿನ ಎನ್‌ಸಿಸಿ ನೋಡಿಕೊಳ್ಳುವ ನನ್ನ ಮಾತೇ ಮೊದಲ ಮೆಟ್ಟಿಲು ದಾಟಿದ ಮೇಲೆ ನಡೆಯುವುದಿಲ್ಲ.

ಲೆಕ್ಕ ನೋಡಿ. ದೇಶದಲ್ಲಿ 15 ಲಕ್ಷಕ್ಕೂ ಹೆಚ್ಚು ಕೆಡೆಟ್‌ಗಳಿದ್ದಾರೆ. 2025ರ ಗಣರಾಜ್ಯೋತ್ಸವ ಶಿಬಿರಕ್ಕೆ ಹೋದವರು 2,361 ಮಂದಿ, ಅವರಲ್ಲಿ 917 ಹುಡುಗಿಯರು. ಒಟ್ಟು 17 ನಿರ್ದೇಶನಾಲಯಗಳು ಈ ಸಂಖ್ಯೆಯನ್ನು ಹಂಚಿಕೊಳ್ಳಬೇಕು. ನಮ್ಮದು ಕರ್ನಾಟಕ ಮತ್ತು ಗೋವಾ ಸೇರಿ ಒಂದು.

ಆಯ್ಕೆ ಅಂದರೆ ಜನ ಒಂದು ದಿನದ ಪರೀಕ್ಷೆ ಅಂದುಕೊಳ್ಳುತ್ತಾರೆ. ಇದು ಜರಡಿ ಹಿಡಿದ ಹಾಗೆ. ಕಾಲೇಜಿನಿಂದ ಬೆಟಾಲಿಯನ್‌ಗೆ, ಅಲ್ಲಿಂದ ಹಲವು ಬೆಟಾಲಿಯನ್ ಸೇರಿದ ಗ್ರೂಪಿಗೆ, ಆಮೇಲೆ ಗ್ರೂಪ್‌ಗಳ ನಡುವಿನ ಸ್ಪರ್ಧೆ, ಕೊನೆಗೆ ಒಂದರ ಹಿಂದೊಂದು ಪ್ರೀ-ಆರ್‌ಡಿಸಿ ಶಿಬಿರಗಳು. ಒಂದೊಂದೂ ಸುಮಾರು ಹತ್ತು ದಿನ. ಪ್ರತಿ ಶಿಬಿರದ ಕೊನೆಗೂ ಒಂದಷ್ಟು ಹೆಸರು ಉದುರುತ್ತದೆ. ಮಕ್ಕಳ ಭಾಷೆಯಲ್ಲಿ ಅದು 'ಕಟ್ ಆಗೋದು'. ದಿಲ್ಲಿಯ ಪಟ್ಟಿಯಲ್ಲಿರುವವರು ಅಷ್ಟೂ ಸಲ ಕಟ್ ಆಗದೆ ಉಳಿದವರು.

ಡ್ರಿಲ್‌ಗೆ ಎತ್ತರ ಮೊದಲು ನೋಡುತ್ತಾರೆ, ಅದರಲ್ಲಿ ಮುಚ್ಚುಮರೆಯಿಲ್ಲ. ಸಾಲು ಒಂದೇ ಮಟ್ಟಕ್ಕೆ ಕಾಣಬೇಕು. ಆಮೇಲೆ ಡ್ರಿಲ್ ಕಲಿಸುವ ಉಸ್ತಾದರ ಕಣ್ಣು ಕೈಬೀಸಿನ ಮೇಲೆ, ಹಿಮ್ಮಡಿಯ ಮೇಲೆ, 'ದಾಹಿನೇ ದೇಖ್' (ಬಲಕ್ಕೆ ನೋಡು) ಅಂದಾಗ ಗದ್ದ ಏಳುವ ಕ್ಷಣದ ಮೇಲೆ. ಮೂರನೇ ದಿನ ಬೊಬ್ಬೆ ಎದ್ದ ಕಾಲಲ್ಲೂ ಹಿಮ್ಮಡಿ ಅಷ್ಟೇ ಜೋರಾಗಿ ಬೀಳುತ್ತದೆಯೇ ಅಂತ ಅವರು ಕಾಯುತ್ತಾರೆ. ಮೊದಲ ದಿನ ಎಲ್ಲರೂ ಚೆನ್ನಾಗೇ ಮಾಡುತ್ತಾರೆ.

ಎತ್ತರ ಕಮ್ಮಿ ಅಂತ ಬಾಗಿಲು ಮುಚ್ಚುವುದಿಲ್ಲ. ಪರೇಡು ಆರ್‌ಡಿಸಿಯ ಒಂದು ಭಾಗ ಅಷ್ಟೇ. ಸಾಂಸ್ಕೃತಿಕ ತಂಡಕ್ಕೆ ಹಾಡುವವರು, ಕುಣಿಯುವವರು ಬೇಕು. ಫ್ಲ್ಯಾಗ್ ಏರಿಯಾ ಅಂತ ಒಂದಿದೆ: ನಿರ್ದೇಶನಾಲಯದವರು ನೆಲದ ಮೇಲೆ ತಮ್ಮ ನಾಡಿನ ಮಾದರಿ ಕಟ್ಟುತ್ತಾರೆ, ಬಂದ ಅತಿಥಿಗೆ ಕೆಡೆಟ್ ನಿಂತು ವಿವರಿಸಬೇಕು. ನಮ್ಮ ಕಾಲೇಜಿನ ಒಬ್ಬ ಹುಡುಗಿ ಡ್ರಿಲ್ ಸಾಲಿನಲ್ಲಿ ಎತ್ತರಕ್ಕೇ ಕಟ್ ಆದಳು. ಅತ್ತಳು, ಮಾರನೇ ದಿನ ಸಾಂಸ್ಕೃತಿಕ ತಂಡಕ್ಕೆ ಹೆಸರು ಕೊಟ್ಟಳು. ಊರಿನ ಮಾರಿಹಬ್ಬದಲ್ಲಿ ಕಲಿತ ಹಾಡು ಅವಳನ್ನು ದಿಲ್ಲಿ ದಂಡುಪ್ರದೇಶದ ಕಾರ್ಯಪ್ಪ ಪರೇಡ್ ಮೈದಾನದವರೆಗೂ ಕರೆದುಕೊಂಡು ಹೋಯಿತು. (ಮೈದಾನದ ಹೆಸರು ನಮ್ಮ ಕೊಡಗಿನ ಫೀಲ್ಡ್ ಮಾರ್ಷಲ್ಲರದ್ದು. ಅಲ್ಲಿಗೆ ಹೋಗುವ ಮಕ್ಕಳಿಗೆ ಇದನ್ನು ಹೇಳದೆ ಕಳಿಸುವುದಿಲ್ಲ.)

ಬೆಸ್ಟ್ ಕೆಡೆಟ್ ಸ್ಪರ್ಧೆಯ ದಾರಿಯೇ ಬೇರೆ: ಲಿಖಿತ ಪರೀಕ್ಷೆ, ಗುಂಪು ಚರ್ಚೆ, ಸಂದರ್ಶನ, ಜೊತೆಗೆ ಡ್ರಿಲ್ಲು, ಫೈರಿಂಗು. ಇಲ್ಲಿ ಸೋಲುವವರು ಹೆಚ್ಚಾಗಿ ಬಾಯಿಪಾಠದವರು. ಇಂಗ್ಲಿಷ್ ಬಾರದು ಅಂತ ಹೆದರುವವರನ್ನೂ ಕಂಡಿದ್ದೇನೆ. ತಡವರಿಸಿದರೂ ತನ್ನದೇ ಮಾತು ಆಡುವವನು ನಿಲ್ಲುತ್ತಾನೆ. ಓಟ, ಗುರಿ, ನಕ್ಷೆ ಓದುವುದರಲ್ಲಿ ಗಟ್ಟಿ ಇರುವವನಿಗೆ ನಾನು ಆರ್‌ಡಿಸಿ ಬಿಟ್ಟು ಥಲ್ ಸೈನಿಕ್ ಶಿಬಿರಕ್ಕೆ (ಎನ್‌ಸಿಸಿಯ ಭೂಸೇನಾ ವಿಭಾಗದ ಸ್ಪರ್ಧಾ ಶಿಬಿರ) ಪ್ರಯತ್ನಿಸು ಅನ್ನುತ್ತೇನೆ. ಟಿವಿಯಲ್ಲಿ ಕಾಣುವುದಿಲ್ಲವಲ್ಲ, ಒಪ್ಪುವವರು ಕಡಿಮೆ.

ಹಾಗಾದರೆ ಎಲ್ಲ ನ್ಯಾಯವೇ? ಇಲ್ಲ. ಅನ್ಯಾಯ ನಡೆಯುವುದು ಮೇಲೆ ಅಲ್ಲ, ತೀರಾ ಕೆಳಗೆ, ನನ್ನಂಥವರ ಮೇಜಿನ ಮೇಲೆ. ಮೈದಾನ ಸರಿಯಿಲ್ಲದ ಕಾಲೇಜು, ಹಾಜರಾತಿ ಕೊಡಲು ಮೂಗು ಮುರಿಯುವ ಸಹೋದ್ಯೋಗಿಗಳು, ಗಡುವು ಮರೆಯುವ ಮೇಷ್ಟ್ರು. ಒಂದು ವರ್ಷ ನಾನೇ ಪಟ್ಟಿ ಎರಡು ದಿನ ತಡವಾಗಿ ಕಳಿಸಿದೆ. ಒಬ್ಬ ಒಳ್ಳೆಯ ಹುಡುಗನಿಗೆ ಜರಡಿಯ ಹತ್ತಿರ ಹೋಗುವ ಅವಕಾಶವೇ ಸಿಗಲಿಲ್ಲ. ಅವನು ಈಗ ಸಿಕ್ಕಾಗಲೂ "ಜೈ ಹಿಂದ್ ಸಾರ್" ಅನ್ನುತ್ತಾನೆ, ನನಗೇ ಮುಖ ಕೊಡಲು ಆಗುವುದಿಲ್ಲ.

ಅದಕ್ಕೇ ಈಗ ಮೊದಲ ವರ್ಷದಲ್ಲೇ ಹೆಸರು ಬರೆದುಕೊಳ್ಳುತ್ತೇನೆ. ನಾನು ಕಳಿಸಿ ಉಳಿದವರಲ್ಲಿ ಹೆಚ್ಚಿನವರು ಎರಡನೇ ವರ್ಷದವರು, ಆದರೆ ಬೆಳಗಿನ ಓಟ ಹಿಂದಿನ ವರ್ಷವೇ ಶುರು ಮಾಡಿದವರು. ದಿಲ್ಲಿಯಲ್ಲಿ ಸುಮಾರು ಒಂದು ತಿಂಗಳು, ಅದಕ್ಕೂ ಮುಂಚೆ ಸಾಲು ಸಾಲು ಶಿಬಿರ. ಪಾಠ, ಪರೀಕ್ಷೆ ಹಿಂದೆ ಬೀಳುತ್ತವೆ ಅನ್ನುವುದು ಮನೆಯವರಿಗೂ ಮೊದಲೇ ಗೊತ್ತಿರಲಿ.

ಬಾಗಿಲಲ್ಲಿ ನಿಂತ ಆ ತಂದೆಗೆ ಇಷ್ಟೆಲ್ಲ ಹೇಳುವ ಹೊತ್ತಿಗೆ ಬೆಲ್ ಆಗಿರುತ್ತದೆ. ಕೊನೆಗೆ ಹೇಳುವುದು ಒಂದೇ: "ಸೋಮವಾರ ಬೆಳಗ್ಗೆ ಆರಕ್ಕೆ ಮೈದಾನಕ್ಕೆ ಕಳಿಸಿ. ಕೂದಲು ಕತ್ತರಿಸಿಕೊಂಡು ಬರಲಿ."