ಮುದಿ ಬೆಕ್ಕು, ಸೋತ ಕಿಡ್ನಿ ಮತ್ತು ಊಟದ ತಟ್ಟೆ

ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂತೆ ಜಾಸ್ತಿ ನೀರು ಕುಡಿಯಲು ಶುರು ಮಾಡಿದರೆ "ಸದ್ಯ, ನೀರಾದರೂ ಕುಡಿಯುತ್ತಿದೆಯಲ್ಲ" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ರಕ್ತ, ಉಚ್ಚೆ ಎರಡನ್ನೂ ಪರೀಕ್ಷೆ ಮಾಡಿಸಿ. ನಮ್ಮ ಮಿಂಚಿಗೆ ಈಗ 16 ವರ್ಷ. ಹುಟ್ಟಿದಾಗಿನಿಂದ ನೀರಿನ ಬಟ್ಟಲನ್ನು ಸರಿಯಾಗಿ ಮೂಸಿಯೂ ನೋಡದವಳು, ಬಟ್ಟಲ ಮುಂದೆ ಕೂತು ಲಪಲಪ ಅಂತ ಕುಡಿಯುತ್ತಲೇ ಇರುತ್ತಿದ್ದಳು, ಟ್ರೇಯಲ್ಲಿ ಉಚ್ಚೆಗೆ ಗಟ್ಟಿಯಾದ ಮರಳಿನ ಉಂಡೆಗಳು ದಿನೇದಿನೇ ದೊಡ್ಡದಾದವು, ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು. ದೀರ್ಘಕಾಲದ ಕಿಡ್ನಿ ಕಾಯಿಲೆ ಅಂದರು ಡಾಕ್ಟರು. ವಾಸಿ ಆಗಲ್ಲ, ಆದರೆ ಮನೆಯಲ್ಲೇ ನಿಭಾಯಿಸಬಹುದು. ಮುದಿ ಬೆಕ್ಕುಗಳಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ನಿಮ್ಮ ಪರಿಚಯದಲ್ಲಿ ನಾಲ್ಕು ಮುದಿ ಬೆಕ್ಕು ಇದ್ದರೆ ಒಂದಕ್ಕಾದರೂ ಇದ್ದೀತು.

ಕಿಡ್ನಿ ಸೋಲುವಾಗ ಮೊದಲು ಹೋಗುವುದು ಉಚ್ಚೆಯನ್ನು ಗಟ್ಟಿ ಮಾಡುವ ಶಕ್ತಿ. ಮೈಯಲ್ಲಿ ನೀರು ಉಳಿಸಿಕೊಳ್ಳಲು ಆಗುವುದಿಲ್ಲ, ಹೋದದ್ದನ್ನು ತುಂಬಿಕೊಳ್ಳಲು ಬೆಕ್ಕು ಕುಡಿಯುತ್ತದೆ. ಹಾಗಾಗಿ ರಾತ್ರಿ ಟ್ರೇ ತುಂಬುತ್ತದೆ ಅಂತ ನೀರಿನ ಬಟ್ಟಲು ಎತ್ತಿಡುವವರಿಗೆ ಒಂದೇ ಮಾತು: ದಯವಿಟ್ಟು ಬೇಡ. ಇದೆಲ್ಲ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಿಡ್ನಿಯ ಮೂರರಲ್ಲಿ ಎರಡು ಪಾಲು ಕೆಲಸ ನಿಂತಿರುತ್ತದೆ, ಕ್ರಿಯಾಟಿನಿನ್ (ಕಿಡ್ನಿ ಹೊರಗೆ ಹಾಕಬೇಕಾದ, ರಕ್ತದಲ್ಲಿ ಅಳೆಯುವ ಒಂದು ಕಸ) ಮಿತಿ ದಾಟುವಾಗ ಸುಮಾರು ಮುಕ್ಕಾಲು ಪಾಲು. ಎಸ್‌ಡಿಎಂಎ ಅಂತ ಇನ್ನೊಂದು ರಕ್ತ ಪರೀಕ್ಷೆ ಇದೆ, ಅದು ಸ್ವಲ್ಪ ಮುಂಚೆಯೇ ಸುಳಿವು ಕೊಡುತ್ತದೆ.

ವೆಟ್‌ಗಳು ಇದನ್ನು ಐರಿಸ್ ಅನ್ನುವ ಅಂತರರಾಷ್ಟ್ರೀಯ ತಜ್ಞರ ಸಂಸ್ಥೆಯ ಲೆಕ್ಕದಂತೆ ನಾಲ್ಕು ಹಂತವಾಗಿ ನೋಡುತ್ತಾರೆ. ಕ್ರಿಯಾಟಿನಿನ್ ಡೆಸಿಲೀಟರಿಗೆ 1.6ರಿಂದ 2.8 ಮಿಲಿಗ್ರಾಂವರೆಗೆ ಎರಡನೇ ಹಂತ, 2.9ರಿಂದ 5ರವರೆಗೆ ಮೂರನೆಯದು, 5 ದಾಟಿದರೆ ನಾಲ್ಕು. ಕೆಲವು ಲ್ಯಾಬ್‌ಗಳ ಅಳತೆಯೇ ಬೇರೆ, ಲೀಟರಿಗೆ ಮೈಕ್ರೋಮೋಲ್ ಲೆಕ್ಕ, ರಿಪೋರ್ಟಿನಲ್ಲಿ 250 ಅಂತ ಕಂಡು ಎದೆ ಒಡೆದುಕೊಳ್ಳಬೇಡಿ, ಅದೂ ಎರಡನೇ ಹಂತವೇ. ಮೈಯಲ್ಲಿ ನೀರಿಲ್ಲದಾಗ ತೆಗೆದ ರಕ್ತದಲ್ಲಿ ಅಂಕಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ, ಅದಕ್ಕೇ ಸಲೈನ್ ಕೊಟ್ಟು ಬೆಕ್ಕು ಚೇತರಿಸಿಕೊಂಡ ಮೇಲೆ ಮತ್ತೊಮ್ಮೆ ನೋಡಿ ಹಂತ ಹೇಳುತ್ತಾರೆ. ನಾನಂತೂ ರಿಪೋರ್ಟಿಗಿಂತ ತಟ್ಟೆಯನ್ನೇ ಜಾಸ್ತಿ ನೋಡುವವಳು. ಮಿಂಚಿ ಮೂರನೇ ಹಂತದಲ್ಲಿದ್ದಾಳೆ, ಆದರೂ ಬೆಳಿಗ್ಗೆ ಎದ್ದು ಊಟಕ್ಕೆ ಬೈಯುತ್ತಾಳೆ. ಅದಕ್ಕಿಂತ ಒಳ್ಳೆ ಸುದ್ದಿ ಯಾವ ರಿಪೋರ್ಟಿನಲ್ಲೂ ಬರಲ್ಲ.

ಈ ಕಾಯಿಲೆಯಲ್ಲಿ ಬೆಕ್ಕು ಊಟ ಮಾಡುತ್ತಿದೆಯಾ ಅನ್ನುವುದೇ ಮೊದಲ ಪ್ರಶ್ನೆ, ಏನು ತಿನ್ನುತ್ತಿದೆ ಅನ್ನುವುದು ಎರಡನೆಯದು. ಕಿಡ್ನಿ ಕಾಯಿಲೆಗೆಂದೇ ಮಾಡಿದ ಆಹಾರ ಇದೆ. ಅದರಲ್ಲಿ ಫಾಸ್ಫರಸ್ ಕಡಿಮೆ, ಪ್ರೋಟೀನ್ ಹದವಾಗಿ, ಒಮೆಗಾ-3 ಸೇರಿಸಿರುತ್ತಾರೆ. ಇದರಿಂದ ಆಯಸ್ಸು ಹೆಚ್ಚುವುದು ನಿಜ, ಪ್ರಯತ್ನ ಮಾಡಲೇಬೇಕು. ಆದರೆ ಬೆಕ್ಕಿಗೆ ವಾಕರಿಕೆ ಇರುವಾಗ ಹೊಸ ಊಟ ಮುಂದಿಟ್ಟರೆ "ಇದನ್ನು ತಿಂದೇ ನನಗೆ ಹೀಗಾಯಿತು" ಅಂತ ಅದು ಮನಸ್ಸಿನಲ್ಲಿ ಬರೆದುಕೊಂಡು ಬಿಡುತ್ತದೆ, ಆಮೇಲೆ ಜನ್ಮದಲ್ಲಿ ಮುಟ್ಟಲ್ಲ. ಮೊದಲು ಹೊಟ್ಟೆ ಸರಿ ಹೋಗಲಿ. ಆಮೇಲೆ ಹಳೆಯ ಊಟಕ್ಕೆ ಒಂದು ಚಮಚ ಹೊಸದು ಸೇರಿಸಿ, ಕೆಲವು ವಾರ ತೆಗೆದುಕೊಂಡರೂ ಪರವಾಗಿಲ್ಲ. ಏನು ಮಾಡಿದರೂ ಒಪ್ಪದಿದ್ದರೆ? ಒಪ್ಪುವುದನ್ನು ಕೊಡಿ. ಒಳ್ಳೆ ಊಟ ತಟ್ಟೆಯಲ್ಲಿದ್ದು ಬೆಕ್ಕು ಉಪವಾಸ ಇದ್ದರೆ ಏನು ಬಂತು? ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಬರಬಹುದು, ಅದರಲ್ಲೂ ದಪ್ಪ ಬೆಕ್ಕಿಗೆ. ಫಾಸ್ಫರಸ್ ಹಿಡಿದಿಡುವ ಪುಡಿಯನ್ನು ಡಾಕ್ಟರನ್ನು ಕೇಳಿ ಮಾಮೂಲಿ ಊಟಕ್ಕೂ ಬೆರೆಸಬಹುದು. ಊಟದ ಜೊತೆಗೇ ಹೊಟ್ಟೆಗೆ ಹೋಗಬೇಕು, ಬರೀ ಹೊಟ್ಟೆಗೆ ಕೊಟ್ಟರೆ ಉಪಯೋಗ ಇಲ್ಲ.

ವಾಕರಿಕೆ ಗುರುತು ಹಿಡಿಯುವುದನ್ನು ಕಲಿತುಕೊಳ್ಳಿ. ಮಿಂಚಿ ಹಸಿವಾಗಿದೆ ಅಂತ ಓಡಿ ಬರುತ್ತಾಳೆ. ತಟ್ಟೆಗೆ ಮೂಗು ತಾಗಿಸುತ್ತಾಳೆ. ತುಟಿ ನೆಕ್ಕಿಕೊಳ್ಳುತ್ತಾಳೆ, ಗಂಟಲಲ್ಲಿ ಏನೋ ನುಂಗಿದ ಹಾಗೆ ಮಾಡುತ್ತಾಳೆ, ಆಮೇಲೆ ತಲೆ ಪಕ್ಕಕ್ಕೆ ತಿರುಗಿಸಿ ನೆಲವನ್ನು ಕೆರೆಯುತ್ತಾಳೆ, ಊಟ ಮುಚ್ಚಿಹಾಕುವವಳ ಹಾಗೆ. ನೋಡಿದವರು "ಕೊಬ್ಬು, ಬೇರೆ ಏನಾದರೂ ಬೇಕಂತೆ" ಅನ್ನುತ್ತಾರೆ. ಕೊಬ್ಬೂ ಅಲ್ಲ, ಹಟವೂ ಅಲ್ಲ. ಹಸಿವಿದೆ, ಊಟದ ವಾಸನೆಗೆ ಹೊಟ್ಟೆ ತೊಳಸುತ್ತಿದೆ. ವಾಂತಿ ಆಗಲೇಬೇಕು ಅಂತೇನಿಲ್ಲ. ಇದಕ್ಕೆ ಮಾರೋಪಿಟಂಟ್ ಅಂತ ಔಷಧಿ ಇದೆ, ಹಸಿವು ಹುಟ್ಟಿಸಲು ಮಿರ್ಟಾಜಪೈನ್ ಇದೆ, ಎರಡನೆಯದು ಕಿವಿಯ ಒಳಬದಿಗೆ ಹಚ್ಚುವ ಮುಲಾಮಿನ ರೂಪದಲ್ಲೂ ಬರುತ್ತದೆ. ಇವನ್ನು ಬಾಯಿಬಿಟ್ಟು ಕೇಳಿ, ಡಾಕ್ಟರೇ ಹೇಳಲಿ ಅಂತ ಕಾಯಬೇಡಿ, ಯಾಕೆಂದರೆ ಬೆಕ್ಕು ಕ್ಲಿನಿಕ್ಕಿನಲ್ಲಿ ಹೆದರಿ ಮುದುಡಿ ಕೂತಿರುತ್ತದೆ, ಅದರ ತುಟಿ ನೆಕ್ಕಾಟ ನೋಡುವವರು ನಾವು ಮಾತ್ರ. ಊಟವನ್ನು ಸ್ವಲ್ಪ ಬೆಚ್ಚಗೆ ಮಾಡಿ, ಅಗಲವಾದ ತಟ್ಟೆಯಲ್ಲಿ, ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಒಳಗೆ ಹೋಗುತ್ತದೆ.

ಇನ್ನು ಚರ್ಮದಡಿಯ ಸಲೈನ್, ಅಂದರೆ ಕುಡಿದ ನೀರು ಸಾಲದಾದಾಗ ಸೂಜಿಯಿಂದ ಚರ್ಮದ ಕೆಳಗೆ ನೀರು ತುಂಬುವುದು. ಹೆಸರು ಕೇಳಿದರೆ ಭಯ, ಕಲಿತ ಮೇಲೆ ಇಷ್ಟೇನಾ ಅನ್ನಿಸುತ್ತದೆ. ಎಲ್ಲಾ ಬೆಕ್ಕಿಗೂ ಬೇಕಾಗಲ್ಲ. ಸಾಮಾನ್ಯವಾಗಿ ಕೊಡುವುದು ರಿಂಗರ್ ಲ್ಯಾಕ್ಟೇಟ್, ಒಂದು ಸಲಕ್ಕೆ 100ರಿಂದ 150 ಮಿ.ಲೀ. ಎಷ್ಟು, ಎಷ್ಟು ದಿನಕ್ಕೊಮ್ಮೆ ಅನ್ನುವುದು ಬೆಕ್ಕಿನ ತೂಕ, ಹೃದಯ ನೋಡಿ ಡಾಕ್ಟರ್ ಹೇಳಬೇಕು. ಗ್ಲೂಕೋಸ್ ಇರುವ ಬಾಟಲಿ ಇದಕ್ಕೆ ಬೇಡ. ನಾನು ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಒಂದೆರಡು ಹನಿ ಮಣಿಕಟ್ಟಿನ ಮೇಲೆ ಬಿಟ್ಟು ನೋಡುತ್ತೇನೆ. ತಣ್ಣಗೂ ಇರಬಾರದು, ಸುಡಲೂಬಾರದು. ಬಾಟಲಿ ಎತ್ತರಕ್ಕೆ ತೂಗುಹಾಕಿ, ನಳಿಕೆಯಲ್ಲಿರುವ ಗಾಳಿ ಹೊರಗೆ ಬಿಟ್ಟು, ಹೊಸ ಸೂಜಿ ಹಾಕುತ್ತೇನೆ. ಭುಜಗಳ ನಡುವಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಗುಡಾರದಂತೆ ಎತ್ತಿದರೆ ಬುಡದಲ್ಲಿ ಒಂದು ಗುಳಿ ಬೀಳುತ್ತದೆ, ಸೂಜಿ ಹೋಗಬೇಕಾದದ್ದು ಅಲ್ಲಿಗೆ. ಚರ್ಮ ದಾಟುವಾಗ ಸಣ್ಣಗೆ ಪಟ್ ಅಂದ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ತುಪ್ಪಳ ಒದ್ದೆ ಆಯಿತು ಅಂದರೆ ಸೂಜಿ ಆ ಕಡೆಯಿಂದ ಹೊರಗೆ ಬಂದಿದೆ ಅಂತ ಅರ್ಥ. ತೆಳ್ಳಗಿನ ಸೂಜಿ ಅಂದರೆ ನೋವು ಕಡಿಮೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಅದರಲ್ಲಿ ನೀರು ಇಳಿಯುವುದು ನಿಧಾನ, ಅಷ್ಟು ಹೊತ್ತು ಬೆಕ್ಕು ಕೂರಬೇಕಲ್ಲ. ನಮ್ಮವಳಿಗೆ ದಪ್ಪದ್ದೇ ಸರಿಹೋಯಿತು, ಮುಗಿಯುವ ತನಕ ಒಂದು ಬೆರಳಲ್ಲಿ ತಿನಿಸಿನ ಪೇಸ್ಟ್ ನೆಕ್ಕಿಸುತ್ತಿರುತ್ತೇನೆ. ಸೂಜಿ ತೆಗೆದ ಜಾಗವನ್ನು ಸ್ವಲ್ಪ ಹೊತ್ತು ಚಿವುಟಿ ಹಿಡಿಯಬೇಕು, ಇಲ್ಲದಿದ್ದರೆ ಸೋರುತ್ತದೆ.

ಬೆನ್ನ ಮೇಲೆ ಏಳುವ ಉಬ್ಬು ನಿಧಾನಕ್ಕೆ ಜಾರಿ ಮುಂಗಾಲಿಗೆ ಇಳಿಯುತ್ತದೆ, ಒಂದು ಕಾಲು ಮಾತ್ರ ಕುಸ್ತಿಪಟುವಿನದು ಅನ್ನಿಸುವಷ್ಟು. ಕೆಲವು ಗಂಟೆಯಲ್ಲಿ ಕರಗುತ್ತದೆ. ಮುಂದಿನ ಸಲದ ಹೊತ್ತಿಗೂ ಕರಗಿರದಿದ್ದರೆ ಕೊಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಜಾಸ್ತಿ ನೀರು ಕೊಟ್ಟರೂ ಅಪಾಯವೇ, ಎದೆಯಲ್ಲಿ ತುಂಬಿಕೊಳ್ಳಬಹುದು. ಮಲಗಿ ನಿದ್ದೆ ಮಾಡುವಾಗ ಉಸಿರು ಎಣಿಸಿ ನೋಡಿ. ನಿಮಿಷಕ್ಕೆ 30 ದಾಟುತ್ತಿದ್ದರೆ ತಡ ಮಾಡಬೇಡಿ.

ಔಷಧಿ, ಸೂಜಿಗೆ ಅಂತ ನಾನು ಒಂದು ಜಾಗ ಮಾಡಿದ್ದೇನೆ, ಬಟ್ಟೆ ಒಗೆಯುವ ಮೆಷಿನ್ ಮೇಲೆ. ಅವಳು ಮಲಗುವ ಜಾಗದಲ್ಲಿ, ಊಟದ ತಟ್ಟೆಯ ಹತ್ತಿರ ಯಾವತ್ತೂ ಮಾತ್ರೆ ತೆಗೆಯಲ್ಲ. ಊಟದಲ್ಲಿ ಕಹಿ ಮಾತ್ರೆ ಬಚ್ಚಿಡುವುದನ್ನೂ ಒಪ್ಪಲ್ಲ, ಕಷ್ಟಪಟ್ಟು ಉಳಿಸಿಕೊಂಡ ಹಸಿವನ್ನು ನಾವೇ ಹಾಳು ಮಾಡಿದ ಹಾಗೆ. ಮಾತ್ರೆ ಬಾಯಿಗೆ ಹಾಕಿದ ಮೇಲೆ ಸಿರಿಂಜಿನಲ್ಲಿ ಸ್ವಲ್ಪ ನೀರು ಕುಡಿಸಿ, ಇಲ್ಲದಿದ್ದರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಬಹುದು. ದಿನದಲ್ಲಿ ಒಂದಷ್ಟು ಸಲ ಸುಮ್ನೆ ಎತ್ತಿಕೊಂಡು, ಮುದ್ದು ಮಾಡಿ, ಏನೂ ಮಾಡದೆ ಕೆಳಗೆ ಬಿಡಬೇಕು. ಇಲ್ಲದಿದ್ದರೆ ನಮ್ಮ ಕೈ ಕಂಡರೇ ಮಂಚದಡಿ ಸೇರುತ್ತದೆ, ಅಲ್ವಾ.

ತೂಕ ವಾರಕ್ಕೊಮ್ಮೆ, ಕೂಸುಗಳನ್ನು ತೂಗುವ ತಕ್ಕಡಿಯಲ್ಲಿ. 4 ಕೆಜಿ ಬೆಕ್ಕು 200 ಗ್ರಾಂ ಕಳೆದುಕೊಂಡರೆ ಅದು 5 ಪರ್ಸೆಂಟ್, ಕಣ್ಣಿಗೆ ಕಾಣಲ್ಲ, ತಕ್ಕಡಿಗೆ ಕಾಣುತ್ತದೆ. ಬಿಪಿ ಕೂಡ ನೋಡಿಸಿ. ಕಿಡ್ನಿ ಬೆಕ್ಕುಗಳಿಗೆ ಬಿಪಿ ಏರುವುದು ಮಾಮೂಲು, 160 ದಾಟಿ ಹಾಗೇ ನಿಂತರೆ ಔಷಧಿ ಬೇಕಾಗುತ್ತದೆ, ಬಿಟ್ಟರೆ ಒಂದು ದಿನ ಇದ್ದಕ್ಕಿದ್ದಂತೆ ಕಣ್ಣೇ ಕಾಣದಂತಾಗಬಹುದು. ಆಮ್ಲೋಡಿಪೈನ್ ಅಂತ ಸಣ್ಣ ಮಾತ್ರೆ, ಚೆನ್ನಾಗಿ ಕೆಲಸ ಮಾಡುತ್ತದೆ. ಕತ್ತು ಎತ್ತಲಾರದೆ ತಲೆ ಜೋಲಿದರೆ ಪೊಟ್ಯಾಷಿಯಂ ಕಡಿಮೆ ಆಗಿರಬಹುದು. ವಸಡು ಬಿಳಿಚಿಕೊಂಡರೆ ರಕ್ತ ಕಡಿಮೆ. ಕಕ್ಕ ಒಣಗಿದ ಗೋಲಿಗಳಂತಿದ್ದರೆ ಮೈಯಲ್ಲಿ ನೀರು ಸಾಲುತ್ತಿಲ್ಲ. ಟ್ರೇಯ ಅಂಚು ತಗ್ಗಾಗಿರಲಿ, ಮುದಿ ಮಂಡಿಗೆ ಹತ್ತುವುದು ಕಷ್ಟ. ನೋವಿದೆ ಅಂತ ನಮ್ಮ ಪ್ಯಾರಸಿಟಮಾಲ್ ಮಾತ್ರ ಕೊಡಲೇಬೇಡಿ, ಚೂರೂ ಬೇಡ, ಅದು ಬೆಕ್ಕಿಗೆ ವಿಷ. ಲಿಲಿ ಹೂವೂ ಮನೆಗೆ ಬೇಡ, ಅದರ ಪರಾಗ ಮೈಗೆ ಅಂಟಿ ನೆಕ್ಕಿಕೊಂಡರೂ ಕಿಡ್ನಿ ಕೈಕೊಡುತ್ತದೆ.

"ಇಷ್ಟೆಲ್ಲ ಹಿಂಸೆ ಯಾಕೆ, ಬಿಟ್ಟುಬಿಡಿ" ಅನ್ನುವವರು ಇದ್ದಾರೆ. ಎರಡನೇ, ಮೂರನೇ ಹಂತದಲ್ಲಿ ಗೊತ್ತಾದ ಬೆಕ್ಕು ವರ್ಷಗಟ್ಟಲೆ ಬದುಕುವುದುಂಟು, ಬಿಸಿಲಲ್ಲಿ ಹೊರಳಾಡುತ್ತಾ, ಪಾರಿವಾಳ ಕಂಡರೆ ಹಲ್ಲು ಕಟಕಟ ಅನ್ನಿಸುತ್ತಾ. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಬೆಕ್ಕು ಚೆನ್ನಾಗಿರುವಾಗಲೇ ಡಾಕ್ಟರ ಹತ್ತಿರ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು, ಕೆಟ್ಟ ರಾತ್ರಿಯಲ್ಲಿ ತಲೆ ಓಡಲ್ಲ. ನಮ್ಮ ಮನೆಯಲ್ಲಿ ಮಾತಾಗಿರುವುದು ಇಷ್ಟು: ವಾಕರಿಕೆಯ ಔಷಧಿ, ಹಸಿವಿನ ಔಷಧಿ ಎರಡೂ ಕೊಟ್ಟ ಮೇಲೂ ಊಟ ಮುಟ್ಟದೆ, ಮೈ ನೆಕ್ಕುವುದು ಬಿಟ್ಟು, ಕರೆದರೂ ಮೂಲೆಯಿಂದ ಬರದೆ ದಿನಗಳು ಕಳೆದರೆ, ಮೂಗಿಗೆ ನಳಿಕೆ ಹಾಕಿಸಿ ಆಸ್ಪತ್ರೆಯ ಪಂಜರದಲ್ಲಿ ಇಡಲ್ಲ, ನೋವಿಲ್ಲದೆ ಕಳಿಸಿಕೊಡುವ ಇಂಜೆಕ್ಷನ್ ಕೊಡಿಸುತ್ತೇವೆ. ಸಾಧ್ಯವಾದರೆ ಮನೆಗೇ ಬಂದು ಕೊಡುತ್ತೇನೆ ಅಂತ ಡಾಕ್ಟರೂ ಹೇಳಿದ್ದಾರೆ.